ತೋಟ ನಮ್ಮದು, ತಂತಿ ಯಾಕಿಲ್ಲ?

ಬೆಂಗಳೂರಿನಲ್ಲಿ ಯಾರಾದರೂ "ಯಾವೂರು?" ಅಂತ ಕೇಳಿ, ನಾನು "ಕೊಳ್ಳೇಗಾಲ" ಅಂದರೆ ಮುಂದಿನ ಪ್ರಶ್ನೆ ಗ್ಯಾರಂಟಿ: "ಓಹೋ, ಮಾಟ ಮಂತ್ರ ಎಲ್ಲಾ ಬರುತ್ತಾ?" ಮೊದಮೊದಲು ಸಿಟ್ಟು ಬರ್ತಿತ್ತು. ಈಗ "ಬರುತ್ತೆ" ಅಂತಲೇ ಹೇಳಿಬಿಡ್ತೀನಿ :-) ಎರಡು ತೆಂಗಿನ ಮರದ ನಡುವೆ ನಲವತ್ತು ಮೀಟರ್ ತಂತಿ, ಕೆಳಗೆ ಒಂದು ೧೨ ವೋಲ್ಟ್ ಬ್ಯಾಟರಿ, ಪುಸ್ತಕದಷ್ಟು ದೊಡ್ಡ ಡಬ್ಬಿ. ಇಷ್ಟಿದ್ದರೆ ಸಂಜೆ ಆರೂವರೆಗೆ ಮುನ್ನೂರು ಕಿಲೋಮೀಟರ್ ಆಚೆ ಇರುವವನ ಹತ್ತಿರ ಮಳೆ ಬೆಳೆ ವಿಚಾರಿಸಬಹುದು. ಮಧ್ಯೆ ಟವರ್ ಇಲ್ಲ, ಸಿಮ್ ಇಲ್ಲ, ಇಂಟರ್ನೆಟ್ ಇಲ್ಲ. ಇದಕ್ಕಿಂತ ದೊಡ್ಡ ಮಾಟ ಬೇಕಾ?

ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್ ರೇಡಿಯೋ ಬಗ್ಗೆ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರುತ್ತೆ. ಸರ್ಕಾರದ ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಒಂದು ಕಾಲ್ ಸೈನ್ ಇಟ್ಟುಕೊಂಡು, ದುಡ್ಡಿನ ವ್ಯವಹಾರ ಇಲ್ಲದೆ ಬರೀ ಕಲಿಯೋಕೆ ಮತ್ತು ಮಾತಾಡೋಕೆ ರೇಡಿಯೋ ಬಳಸುವವರು ಹ್ಯಾಮ್‌ಗಳು. ನಮ್ಮ ದೇಶದ ಕಾಲ್ ಸೈನ್‌ಗಳು ಸಾಮಾನ್ಯವಾಗಿ ವಿಯು೨ ಅಥವಾ ವಿಯು೩ ಅಂತ ಶುರುವಾಗುತ್ತವೆ. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿ ಕೂಡ ಹ್ಯಾಮ್. ಅವರ ಕಾಲ್ ಸೈನ್ ವಿಯು೨ಆರ್‌ಜಿ. ಇದೆಲ್ಲ ಪೀಠಿಕೆ. ನಾನು ಹೇಳಬೇಕಿರೋದು ಬೇರೆ.

ನನ್ನ ವಾದ ಇಷ್ಟೇ. ಹ್ಯಾಮ್ ರೇಡಿಯೋದಲ್ಲಿ 'ಲೋ ಬ್ಯಾಂಡ್' ಅಂತ ಕರೆಯುವ ೧೬೦, ೮೦, ೪೦ ಮೀಟರ್ ಬ್ಯಾಂಡ್‌ಗಳು ಬೆಂಗಳೂರಿಗಿಂತ ಕೊಳ್ಳೇಗಾಲ, ಹನೂರು, ಯಳಂದೂರಿಗೆ ಹೆಚ್ಚು ಸೇರಿದವು. ಆದರೆ ಲೈಸೆನ್ಸ್ ಇರುವವರು ಬಹುಪಾಲು ಅಲ್ಲಿದ್ದಾರೆ, ಜಾಗ ಇರುವವರು ಇಲ್ಲಿದ್ದಾರೆ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅಂತಾರಲ್ಲ, ಹಾಗೆ.

ಸುಮ್ಮನೆ ಊರಭಿಮಾನ ಅಂದುಕೋಬೇಡಿ, ಲೆಕ್ಕ ಹಾಕಿ ತೋರಿಸ್ತೀನಿ. ಅತಿ ಸರಳ ಆಂಟೆನಾ ಡೈಪೋಲ್. ಒಂದು ತಂತಿ, ಮಧ್ಯಕ್ಕೆ ಕತ್ತರಿಸಿ ಅಲ್ಲಿಂದ ಕೇಬಲ್ ಇಳಿಸಿದರೆ ಮುಗಿಯಿತು. ಅದರ ಉದ್ದ ಎಷ್ಟಿರಬೇಕು? ೧೪೩ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ, ಉತ್ತರ ಮೀಟರ್‌ನಲ್ಲಿ ಬರುತ್ತೆ. ೭.೧ ಮೆಗಾಹರ್ಟ್ಸ್‌ಗೆ (ಇದು ೪೦ ಮೀಟರ್ ಬ್ಯಾಂಡ್) ಸುಮಾರು ೨೦ ಮೀಟರ್, ಅಂದರೆ ೬೬ ಅಡಿ. ೩.೬ಕ್ಕೆ (೮೦ ಮೀಟರ್ ಬ್ಯಾಂಡ್) ೧೩೦ ಅಡಿ. ೧.೮೪ಕ್ಕೆ (೧೬೦ ಮೀಟರ್ ಬ್ಯಾಂಡ್) ಹತ್ತಿರ ಹತ್ತಿರ ೨೫೫ ಅಡಿ. ಈಗ ಬೆಂಗಳೂರಿನ ಮೂವತ್ತು ನಲವತ್ತರ ಸೈಟು ತಗೊಳ್ಳಿ. ಮೂಲೆಯಿಂದ ಮೂಲೆಗೆ ಎಳೆದರೂ ೫೦ ಅಡಿ. ಮೂರರಲ್ಲಿ ಅತಿ ಚಿಕ್ಕ ಆಂಟೆನಾ ಕೂಡ ನೆಟ್ಟಗೆ ಹಿಡಿಸೋದಿಲ್ಲ. ಅಪಾರ್ಟ್‌ಮೆಂಟ್ ಬಗ್ಗೆ ಮಾತೇ ಬೇಡ. ಬಾಲ್ಕನಿಯಲ್ಲಿ ಟವೆಲ್ ಹಾಕಿದರೇ ಅಸೋಸಿಯೇಷನ್‌ನಿಂದ ಮೆಸೇಜ್ ಬರುತ್ತೆ. ಅದೇ ನಮ್ಮೂರ ಕಡೆ ಒಂದು ಎಕರೆ ಚೌಕದ ಜಮೀನು ತಗೊಳ್ಳಿ. ಒಂದು ಬದಿ ೨೦೯ ಅಡಿ, ಮೂಲೆಯಿಂದ ಮೂಲೆಗೆ ೨೯೫ ಅಡಿ. ೧೬೦ ಮೀಟರಿನ ಪೂರ್ತಿ ಡೈಪೋಲ್ ಕಟ್ಟಿ ಇನ್ನೂ ನಲವತ್ತು ಅಡಿ ಉಳಿಯುತ್ತೆ! ಬೇರೆ ದೇಶದ ಹ್ಯಾಮ್‌ಗಳು ಇಂಥ ಜಾಗಕ್ಕೆ ಜೀವ ಬಿಡ್ತಾರೆ. ನಮ್ಮವರು ಆ ಜಾಗದಲ್ಲಿ ಅರಿಶಿನ ಹಾಕಿ, ಬದುವಿನ ತೆಂಗಿನ ಮರಗಳಿಂದ ಬರೀ ಕಾಯಿ ಇಳಿಸ್ತಾರೆ.

ಇನ್ನು ಕಂಬ. ಎತ್ತರದ ಕಬ್ಬಿಣದ ಮಾಸ್ಟ್ ನಿಲ್ಲಿಸೋದು ಖರ್ಚಿನ ಬಾಬ್ತು. ಸುವರ್ಣಾವತಿ ದಂಡೆಯ ಯಳಂದೂರಿನಲ್ಲಿ ದೇವರು ಐವತ್ತು ಅರವತ್ತು ಅಡಿಯ ಮಾಸ್ಟ್‌ಗಳನ್ನು ಸಾಲಾಗಿ ನೆಟ್ಟಿದ್ದಾನೆ, ಮೇಲೆ ಎಳನೀರು ಬೇರೆ ಕೊಟ್ಟಿದ್ದಾನೆ. ಒಂದೇ ತೊಂದರೆ: ಗಾಳಿಗೆ ಮರ ಓಲಾಡುತ್ತೆ, ಬಿಗಿಯಾಗಿ ಕಟ್ಟಿದ ತಂತಿ ಕಿತ್ತುಹೋಗುತ್ತೆ. ಅದಕ್ಕೆ ಒಂದು ತುದಿಯನ್ನು ಬಾವಿ ರಾಟೆ ಮೇಲೆ ಹಾಯಿಸಿ, ಹಗ್ಗದ ಕೊನೆಗೆ ಮರಳು ತುಂಬಿದ ಕ್ಯಾನ್ ನೇತು ಹಾಕಬೇಕು. ಮರ ಆ ಕಡೆ ವಾಲಿದರೆ ಕ್ಯಾನ್ ಮೇಲಕ್ಕೆ, ಈ ಕಡೆ ವಾಲಿದರೆ ಕೆಳಕ್ಕೆ. ಇದು ಯಾವ ಅಂಗಡಿಯಲ್ಲೂ ಸಿಗದ ಆಟೋಮ್ಯಾಟಿಕ್ ಟೆನ್ಷನರ್.

ತಂತಿ ಎಲ್ಲಿಂದ? ಮೋಟರ್ ವೈಂಡಿಂಗ್ ಅಂಗಡಿಯಿಂದ. ನಮ್ಮ ತಾಲ್ಲೂಕುಗಳಲ್ಲಿ ಬೋರ್‌ವೆಲ್ ಮೋಟರ್ ಸುಡೋದಕ್ಕೇನು ಬರವೇ? ಹಾಗಾಗಿ ಅಂಥ ಅಂಗಡಿಗಳಿಗೂ ಬರವಿಲ್ಲ. ಎನಾಮೆಲ್ ಬಳಿದ ತಾಮ್ರದ ತಂತಿ ತೂಕದ ಲೆಕ್ಕದಲ್ಲಿ ಕೊಡ್ತಾರೆ. ತುದಿಗೆ ಇನ್ಸುಲೇಟರ್ ಅಂತ ಪಿವಿಸಿ ಪೈಪಿನ ತುಂಡು. ಕೆಳಗಿಳಿಸೋಕೆ ಹಳೇ ಟಿವಿ ಕೇಬಲ್ ಕೂಡ ನಡೆಯುತ್ತೆ. ಅದು ೭೫ ಓಮ್‌ನದ್ದು, ಡೈಪೋಲ್‌ಗೆ ಅಂಥ ದೂರದ ಸಂಬಂಧ ಏನಲ್ಲ. ಮರದ ಮೇಲೆ ದಾರ ಎಸೆಯೋಕೆ ಚಾಟರಬಿಲ್ಲು. ಮೊದಲ ಸಲ ತಂತಿಯನ್ನು ಒಂದಡಿ ಉದ್ದವೇ ಬಿಟ್ಟು, ಅಳೆದು, ಸ್ವಲ್ಪ ಸ್ವಲ್ಪ ಕತ್ತರಿಸುತ್ತಾ ಬರಬೇಕು. ದರ್ಜಿಗಳು ಮಕ್ಕಳ ಬಟ್ಟೆ ಹೊಲಿಯುವಾಗ ಒಳಗೆ ಒಂದಿಷ್ಟು ಬಟ್ಟೆ ಬಿಡ್ತಾರಲ್ಲ, ಅದೇ ತಂತ್ರ. ಅಳೆಯೋಕೆ ಈಗ ನ್ಯಾನೋವಿಎನ್‌ಎ ಅನ್ನೋ ಅಂಗೈಯಗಲದ ಉಪಕರಣ ಬಂದಿದೆ. ಹಿಂದೆ ಇದೇ ಕೆಲಸಕ್ಕೆ ದೊಡ್ಡ ಲ್ಯಾಬಿನ ಮೆಷಿನ್ ಬೇಕಿತ್ತು.

ನಾನು ಮೊದಲ ತಂತಿ ಕಟ್ಟುವಾಗ ಪಕ್ಕದ ತೋಟದ ಅಜ್ಜಿ ಬಂದು ನೋಡಿ, "ಇದೇನ್ ಮೊಗ, ಬಟ್ಟ ಒಣಗಾಕಕ್ಕಾ?" ಅಂದರು. "ಅಲ್ಲ ಅಜ್ಜಿ, ಮಾತಾಡಕ್ಕೆ" ಅಂದೆ. "ಫೋನಿಲ್ವಾ?" ಅಂದರು. ಆ ಪ್ರಶ್ನೆಗೆ ಆಮೇಲೆ ಬರ್ತೀನಿ. ಅದು ಅಜ್ಜಿಯ ಪ್ರಶ್ನೆ ಮಾತ್ರ ಅಲ್ಲ, ಇದನ್ನು ಓದುತ್ತಿರುವ ನಿಮ್ಮಲ್ಲಿ ಮುಕ್ಕಾಲು ಜನರದ್ದೂ ಅದೇ ಅಂತ ಗೊತ್ತು.

ಅದಕ್ಕೆ ಮೊದಲು ಎರಡು ಎಚ್ಚರಿಕೆ. ಒಂದು, ಕರೆಂಟ್ ಲೈನಿನ ಮೇಲಾಗಲಿ, ಕೆಳಗಾಗಲಿ, ತಂತಿ ಕಿತ್ತು ಬಿದ್ದರೆ ತಾಗುವಷ್ಟು ಹತ್ತಿರದಲ್ಲಾಗಲಿ ಆಂಟೆನಾ ಕಟ್ಟಲೇಬಾರದು. ಎರಡು, ಸಿಡಿಲು. ಏಪ್ರಿಲ್ ಮೇ ತಿಂಗಳಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಡೆ ಮೋಡ ಕಪ್ಪಾಯಿತು ಅಂದರೆ ಕೇಬಲ್ ಕಿತ್ತು ಮನೆಯಿಂದ ಹೊರಗಿಡಬೇಕು. ಲೋ ಬ್ಯಾಂಡ್‌ನಲ್ಲಿ ಸಿಡಿಲೇ ನಿಮಗೆ ಮುನ್ಸೂಚನೆ ಕೊಡುತ್ತೆ. ಕಣ್ಣಿಗೆ ಕಾಣದಷ್ಟು ದೂರದಲ್ಲಿ ಹೊಡೆದರೂ ೮೦ ಮೀಟರ್‌ನಲ್ಲಿ 'ಚರ್ರ್' ಅಂತ ಸಾಸಿವೆ ಸಿಡಿದ ಹಾಗೆ ಕೇಳಿಸುತ್ತೆ. ಆ ಸಿಡಿತ ದಟ್ಟವಾದರೆ ಅಂಗಡಿ ಮುಚ್ಚಿ.

ಈಗ ಗದ್ದಲದ ವಿಷಯ. ಲೋ ಬ್ಯಾಂಡ್‌ನ ನಿಜವಾದ ಶತ್ರು ದೂರ ಅಲ್ಲ, ಗದ್ದಲ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್, ವೈಫೈ ಡಬ್ಬಿಯ ಅಡಾಪ್ಟರ್... ಇವೆಲ್ಲ ಒಳಗೊಳಗೇ ಸ್ವಿಚ್ ಆಗುತ್ತಾ ರೇಡಿಯೋ ಕಸ ಉಗುಳುತ್ತವೆ. ಒಂದು ಅಪಾರ್ಟ್‌ಮೆಂಟಿನಲ್ಲಿ ಇನ್ನೂರು ಮನೆ ಇದ್ದರೆ ಎಷ್ಟು ಸಾವಿರ ಅಡಾಪ್ಟರ್ ಅಂತ ನೀವೇ ಲೆಕ್ಕ ಹಾಕಿ. ಅಲ್ಲಿ ರಿಸೀವರ್ ಹಾಕಿದರೆ ಜೇನುಗೂಡಿನೊಳಗೆ ತಲೆ ಇಟ್ಟ ಹಾಗೆ. ಹನೂರಿನ ಹೊರಗೆ ಹೊಲದಲ್ಲಿ ಅದೇ ರಿಸೀವರ್ ಹಾಕಿದರೆ, ಗದ್ದಲ ಇಳಿದು ಇಳಿದು ಕೊನೆಗೆ ಬರೀ ಆಕಾಶದ ಸದ್ದು ಉಳಿಯುತ್ತೆ. ಇದನ್ನು ದುಡ್ಡು ಕೊಟ್ಟು ತರೋಕೆ ಆಗಲ್ಲ.

ನಮ್ಮ ಕಡೆಗೆ ನಮ್ಮದೇ ಗದ್ದಲ ಒಂದಿದೆ, ಅದನ್ನೂ ಹೇಳಬೇಕು. ಆನೆ ಕಾಟಕ್ಕೆ ಕಾಡಂಚಿನ ಜಮೀನುಗಳಿಗೆ ಸೋಲಾರ್ ಬೇಲಿ ಹಾಕ್ತಾರೆ. ಅದು ಸೆಕೆಂಡಿಗೊಮ್ಮೆ ತಂತಿಗೆ ಒಂದು ಶಾಕ್ ಬಿಡುತ್ತೆ. ಬಳ್ಳಿಯೋ ಹುಲ್ಲೋ ತಂತಿಗೆ ತಾಗಿ ಕಿಡಿ ಹಾರುತ್ತಿದ್ದರೆ ರೇಡಿಯೋದಲ್ಲಿ 'ಟಕ್... ಟಕ್... ಟಕ್...' ಅಂತ ಗಡಿಯಾರ ಕೂತಂತೆ. ಸ್ವಾರಸ್ಯ ಏನೆಂದರೆ, ಆ ಟಕ್ ಜೋರಾಗಿದೆ ಅಂದರೆ ಬೇಲಿಯಲ್ಲಿ ಎಲ್ಲೋ ಸೋರಿಕೆ ಇದೆ, ಆನೆಗೆ ತಾಗುವ ಶಾಕ್ ಕಡಿಮೆಯಾಗಿದೆ ಅಂತ ಅರ್ಥ. ಒಂದು ಪುಟ್ಟ ಟ್ರಾನ್ಸಿಸ್ಟರ್ ಹಿಡಿದು ಬೇಲಿ ಉದ್ದಕ್ಕೂ ನಡೆದರೆ ಸೋರುವ ಜಾಗ ಸಿಗುತ್ತೆ. ರೈತನಿಗೆ ಬೇಲಿ ಸರಿಯಾಯ್ತು, ಹ್ಯಾಮ್‌ಗೆ ಬ್ಯಾಂಡ್ ಸರಿಯಾಯ್ತು. ಹವ್ಯಾಸ ಊರಿಗೆ ಉಪಯೋಗಕ್ಕೆ ಬರೋದು ಹೀಗೆ, ಭಾಷಣದಿಂದ ಅಲ್ಲ.

ಮತ್ತೆ ಕರೆಂಟ್ ಹೋದಾಗ! ಆಹಾ! ಇಡೀ ಊರು ಶಪಿಸುವಾಗ ಖುಷಿಪಡುವ ಏಕೈಕ ಜಾತಿ ನಮ್ಮದು. ಸುತ್ತಲಿನ ಅಡಾಪ್ಟರ್‌ಗಳೆಲ್ಲ ಒಮ್ಮೆಗೇ ಸತ್ತು, ಬ್ಯಾಟರಿ ಮೇಲೆ ನಡೆಯುವ ರೇಡಿಯೋದಲ್ಲಿ ಅಲ್ಲಿಯವರೆಗೂ ಮುಳುಗಿದ್ದ ದನಿಗಳು ಮೇಲೇಳುತ್ತವೆ. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು ೧೫೦ ಕಿಲೋಮೀಟರ್ ಕರೆಂಟ್ ಕಳಿಸಿದ್ದು ನಮ್ಮ ಕಾವೇರಿ. ಆ ಜಲಪಾತದ ಈ ದಡದಲ್ಲಿ ಕೂತು ಕರೆಂಟ್ ಹೋಗಲಿ ಅಂತ ಕಾಯೋದು ಸ್ವಲ್ಪ ಕೃತಘ್ನತೆ, ಒಪ್ಪಿದೆ :-)

ಸರಿ, ಅಜ್ಜಿಯ ಪ್ರಶ್ನೆಗೆ ಬರೋಣ. ಫೋನಿಲ್ವಾ? ಇದೆ. ಎಲ್ಲ ಕಡೆ ಇದೆಯಾ? ಬೆಟ್ಟದ ಸುತ್ತಲಿನ ಇಂಡಿಗನತ್ತ, ಮೆದಗನಾಣೆ, ತುಳಸಿಕೆರೆಯಂಥ ಊರುಗಳನ್ನು ನೆನಪಿಸಿಕೊಳ್ಳಿ. ೨೦೨೪ರ ಏಪ್ರಿಲ್‌ನಲ್ಲಿ ಇಂಡಿಗನತ್ತದ ಮತಗಟ್ಟೆ ಧ್ವಂಸವಾಗಿ, ಮೂರು ದಿನದ ನಂತರ ಮರುಮತದಾನ ನಡೆದಿದ್ದು ಎಲ್ಲ ಪೇಪರಿನಲ್ಲೂ ಬಂತು. ಅವರು ಕೇಳುತ್ತಿದ್ದದ್ದು ರಸ್ತೆ, ನೀರು, ಕರೆಂಟಿನಂಥ ಮೂಲ ಸೌಕರ್ಯ. ಇಂಥ ಊರಿನವರಿಗೆ ಹೋಗಿ "ನಿಮಗೆ ಹ್ಯಾಮ್ ರೇಡಿಯೋ ಕೊಡ್ತೀವಿ" ಅಂದರೆ ಅದು ಅವಮಾನ. ಅವರಿಗೆ ಬೇಕಾದ್ದು ರಸ್ತೆ ಮತ್ತು ಟವರ್. ಹವ್ಯಾಸಿ ರೇಡಿಯೋ ಸರ್ಕಾರ ಮಾಡಬೇಕಾದ ಕೆಲಸಕ್ಕೆ ಬದಲಿ ಅಲ್ಲ. ಇದನ್ನು ಮೊದಲೇ ಸ್ಪಷ್ಟ ಮಾಡಿಬಿಡ್ತೀನಿ, ಯಾಕಂದ್ರೆ ನಮ್ಮ ಹ್ಯಾಮ್ ಮಿತ್ರರೇ ಕೆಲವರು ಹುಮ್ಮಸ್ಸಿನಲ್ಲಿ ಹಾಗೆ ಮಾತಾಡ್ತಾರೆ.

ಆದರೆ ಟವರ್ ಇರುವ ಕಡೆಯೂ ಟವರ್ ಬೀಳುವ ದಿನ ಬರುತ್ತೆ. ೨೦೧೮ ಮತ್ತು ೨೦೧೯ರ ಆಗಸ್ಟ್‌ನಲ್ಲಿ ಕೆಆರ್‌ಎಸ್, ಕಬಿನಿ ಎರಡರಿಂದಲೂ ನೀರು ಬಿಟ್ಟಾಗ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು, ಹಳೇ ಹಂಪಾಪುರದ ಕಡೆ ಮನೆ ಗದ್ದೆಗಳಿಗೆ ನೀರು ನುಗ್ಗಿತ್ತು. ಪ್ರವಾಹದಲ್ಲಿ ಮೊದಲು ಹೋಗೋದು ಕರೆಂಟು, ಅದರ ಹಿಂದೆಯೇ ಬ್ಯಾಟರಿ ಖಾಲಿಯಾದ ಟವರು. ೨೦೨೪ರ ಜುಲೈ ೩೦ರಂದು ನಮ್ಮ ಜಿಲ್ಲೆಗೆ ಅಂಟಿಕೊಂಡೇ ಇರುವ ವಯನಾಡಿನಲ್ಲಿ ಗುಡ್ಡ ಕುಸಿದಾಗ ಹ್ಯಾಮ್‌ಗಳು ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸ್ಟೇಷನ್ ಹಾಕಿಕೊಂಡು ಸಂದೇಶ ಮುಟ್ಟಿಸಿದರು.

ಇಲ್ಲಿ ಲೋ ಬ್ಯಾಂಡ್‌ನ ವಿಶೇಷ ಏನು ಅಂತ ಕೇಳ್ತೀರಾ. ಕೈಯಲ್ಲಿ ಹಿಡಿಯುವ ವಾಕಿಟಾಕಿಯ ವಿಎಚ್‌ಎಫ್ ತರಂಗ ನೆಟ್ಟಗೆ ಹೋಗುತ್ತೆ. ಮಧ್ಯೆ ಬಿಳಿಗಿರಿರಂಗನ ಬೆಟ್ಟ ಬಂದರೆ ಅಲ್ಲಿಗೆ ಮುಗಿಯಿತು. ೪೦ ಮತ್ತು ೮೦ ಮೀಟರ್‌ನ ತರಂಗವನ್ನು ತಂತಿ ತಗ್ಗಿನಲ್ಲಿ ಕಟ್ಟಿ ನೇರ ಆಕಾಶಕ್ಕೆ ಎಸೆದರೆ, ಅದು ಸುಮಾರು ಮುನ್ನೂರು ಕಿಲೋಮೀಟರ್ ಮೇಲಿರುವ ಅಯಾನುಗೋಳಕ್ಕೆ ತಾಗಿ ವಾಪಸ್ ಬರುತ್ತೆ. ಅಂಗಳದಲ್ಲಿ ಪೈಪ್ ಹಿಡಿದು ನೀರನ್ನು ಮೇಲಕ್ಕೆ ಚಿಮ್ಮಿಸಿದರೆ ಸುತ್ತಲೂ ಛತ್ರಿಯ ಹಾಗೆ ಬೀಳುತ್ತಲ್ಲ, ಹಾಗೆ. ಮೇಲಿನಿಂದ ಬೀಳುವ ತರಂಗಕ್ಕೆ ಬೆಟ್ಟ ಯಾವ ಲೆಕ್ಕ? ಹನೂರಿನ ಕಣಿವೆ, ಯಳಂದೂರಿನ ಬಯಲು, ಬೆಟ್ಟದ ಮೇಲಿನ ಪೋಡು, ಮೈಸೂರು, ಬೆಂಗಳೂರು, ಎಲ್ಲ ಆ ಛತ್ರಿಯ ಕೆಳಗೇ. ಇದಕ್ಕೆ ಆಂಟೆನಾ ತೀರಾ ಎತ್ತರ ಇರಬೇಕಾಗೂ ಇಲ್ಲ, ತಗ್ಗಿದ್ದರೇ ಒಳ್ಳೆಯದು. ಹಗಲಿನಲ್ಲಿ ೪೦, ಸಂಜೆಯಿಂದ ಬೆಳಗಿನವರೆಗೆ ೮೦. ಹಗಲು ೮೦ ಯಾಕೆ ಬೇಡ ಅಂದರೆ, ಬಿಸಿಲಿಗೆ ಅಯಾನುಗೋಳದ ಕೆಳಗಿನ ಪದರ ಗಟ್ಟಿಯಾಗಿ ಅದನ್ನು ನುಂಗಿಬಿಡುತ್ತೆ. ನಿಮ್ಮ ಅಜ್ಜನ ರೇಡಿಯೋದಲ್ಲಿ ರಾತ್ರಿ ಮಾತ್ರ ದೂರದ ಮೀಡಿಯಂ ವೇವ್ ಸ್ಟೇಷನ್‌ಗಳು ಕೇಳ್ತಿದ್ದವಲ್ಲ, ಅದಕ್ಕೂ ಇದೇ ಕಾರಣ.

ಹಾಗಾದರೆ ತಾಲ್ಲೂಕು ಆಫೀಸಿನಲ್ಲಿ ಒಂದೊಂದು ಸೆಟ್ ತಂದಿಟ್ಟು ಬೀಗ ಹಾಕಿದರಾಯ್ತಲ್ಲ? ಇಲ್ಲೇ ನನ್ನ ತಕರಾರು ಇರೋದು. ಎಮರ್ಜೆನ್ಸಿ, ಎಮರ್ಜೆನ್ಸಿ ಅಂತ ಹೆಸರು ಹೇಳಿ ರೇಡಿಯೋ ಕೊಳ್ಳೋದು ಸುಲಭ. ಬೀಗ ತೆಗೆದ ದಿನ ಬ್ಯಾಟರಿ ಸತ್ತಿರುತ್ತೆ, ಕೇಬಲ್ ಇಲಿ ಕಡಿದಿರುತ್ತೆ, ಯಾವ ಹೊತ್ತಿಗೆ ಯಾವ ಬ್ಯಾಂಡ್ ಅನ್ನೋದು ಯಾರಿಗೂ ಗೊತ್ತಿರೋದಿಲ್ಲ. ೨೦೦೪ರ ಡಿಸೆಂಬರ್ ೨೬ರ ಸುನಾಮಿ ನೆನಪಿದೆಯಾ? ಅಂಡಮಾನಿನಿಂದ ಹ್ಯಾಮ್ ರೇಡಿಯೋ ಮೂಲಕ ಸುದ್ದಿ ಮುಟ್ಟಿಸಿದ ತಂಡದ ಭಾರತಿ ಪ್ರಸಾದ್ ಅಲ್ಲಿಗೆ ಹೋಗಿದ್ದು ಪರಿಹಾರಕ್ಕಲ್ಲ. ಅಪರೂಪದ ಜಾಗದಿಂದ ಪ್ರಪಂಚದ ಹ್ಯಾಮ್‌ಗಳ ಜೊತೆ ಮಾತಾಡುವ ಹವ್ಯಾಸಕ್ಕೆ. ಸುನಾಮಿ ಬಂದಾಗ ಆಂಟೆನಾ ಆಗಲೇ ಮೇಲಿತ್ತು, ಕಿವಿ ಆಗಲೇ ಪಳಗಿತ್ತು. ಆಟ ಆಡುತ್ತಿದ್ದವರೇ ಆ ದಿನ ಉಪಯೋಗಕ್ಕೆ ಬಂದರು. ಆದ್ದರಿಂದ ನನ್ನ ಅಭಿಪ್ರಾಯ: ಊರಿಗೆ ಬೇಕಿರೋದು ಎಮರ್ಜೆನ್ಸಿ ಸೆಟ್ ಅಲ್ಲ, ದಿನಾ ಸಂಜೆ ಕಾಡುಹರಟೆ ಹೊಡೆಯುವ ಹತ್ತು ಜನ. ಆಟ ಇದ್ದರೆ ಸೇವೆ ತಾನಾಗಿ ಇರುತ್ತೆ. ಬರೀ ಸೇವೆಯ ಹೆಸರಲ್ಲಿ ಶುರು ಮಾಡಿದ್ದು ಒಂದು ಉದ್ಘಾಟನೆ, ಒಂದು ಫೋಟೋಗೆ ಮುಗಿಯುತ್ತೆ.

ಹವ್ಯಾಸಿಗಳನ್ನು ಕಡೆಗಣಿಸೋದು ಹೊಸದಲ್ಲ ಬಿಡಿ. ೧೯೧೨ರಲ್ಲಿ ಅಮೆರಿಕದ ಕಾನೂನು ಹವ್ಯಾಸಿಗಳನ್ನು ೨೦೦ ಮೀಟರ್ ಮತ್ತು ಅದಕ್ಕಿಂತ ಚಿಕ್ಕ ತರಂಗಗಳಿಗೆ ತಳ್ಳಿತು. ಆಗ ಅವು ಕೆಲಸಕ್ಕೆ ಬಾರದವು ಅಂತ ದೊಡ್ಡವರ ನಂಬಿಕೆ. ಹುಡುಗರು ಆ ಕಸದಲ್ಲೇ ಕೂತು, ೧೯೨೩ರ ನವೆಂಬರ್‌ನಲ್ಲಿ ೧೦೦ ಮೀಟರಿನ ಆಸುಪಾಸಿನಲ್ಲಿ ಅಟ್ಲಾಂಟಿಕ್ ದಾಟಿ ಎರಡೂ ಕಡೆಯಿಂದ ಮಾತಾಡಿದರು. ಆಮೇಲೆ ದೊಡ್ಡ ಕಂಪನಿಗಳು, ಸರ್ಕಾರಗಳು ಎಲ್ಲ ಆ ಕಡೆ ಓಡಿಬಂದವು.

ಅಷ್ಟು ದೂರ ಯಾಕೆ, ನಮ್ಮ ಮೈಸೂರನ್ನೇ ನೋಡಿ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆ 'ವಿಠಲ ವಿಹಾರ'ದಿಂದ ಒಂದು ರೇಡಿಯೋ ಕೇಂದ್ರ ನಡೆಸಿದರು. ಟ್ರಾನ್ಸ್‌ಮಿಟರ್ ಶಕ್ತಿ ೩೦ ವ್ಯಾಟ್, ಆಮೇಲೆ ೨೫೦ ವ್ಯಾಟಿನದ್ದು ತಂದರು. ಆ ಕೇಂದ್ರದ ಹೆಸರೇ 'ಆಕಾಶವಾಣಿ'. ಇವತ್ತು ಇಡೀ ದೇಶದ ರೇಡಿಯೋಗೆ ಅದೇ ಹೆಸರು. ಮನಃಶಾಸ್ತ್ರದ ಮೇಷ್ಟ್ರು! ಎಂಜಿನಿಯರ್ ಅಲ್ಲ! ಇತ್ತ ನಮ್ಮ ಕಾಲದ ಇ.ಸಿ. ಕ್ಲಾಸುಗಳಲ್ಲಿ ಅರವತ್ತು ಜನ ಕೂತು 'ಆಂಟೆನಾ ಮತ್ತು ತರಂಗ ಪ್ರಸರಣ' ಪೇಪರಿಗೆ ಹಳೇ ಪ್ರಶ್ನೆಪತ್ರಿಕೆ ಉರು ಹೊಡೆದು ಪಾಸಾಗ್ತಾರೆ. ಡೈಪೋಲ್‌ನ ಸೂತ್ರ ಮೂರು ಪುಟ ಬಿಡಿಸ್ತಾರೆ. ಕಾಲೇಜಿನ ಹಿಂದೆ ಇರುವ ಎರಡು ನೀಲಗಿರಿ ಮರಕ್ಕೆ ಒಂದು ತಂತಿ ಕಟ್ಟಿ "ಇದೇ ಅದು" ಅಂತ ತೋರಿಸುವವರಿಲ್ಲ. ಆಮೇಲೆ ನಾವೆಲ್ಲ ಒಟ್ಟಿಗೆ ಬಂದು ಹೊರವರ್ತುಲ ರಸ್ತೆಯ ಗಾಜಿನ ಬಿಲ್ಡಿಂಗಿನಲ್ಲಿ ಬಗ್ ಫಿಕ್ಸ್ ಮಾಡ್ತೀವಿ.

ಬಗ್ ಫಿಕ್ಸ್ ಮಾಡುವವರಿಗೂ ಇಲ್ಲಿ ಕೆಲಸ ಇದೆ ಮಾರಾಯ್ರೇ. ಎಫ್‌ಟಿ೮ ಅನ್ನೋ ಡಿಜಿಟಲ್ ವಿಧಾನ ೨೦೧೭ರಲ್ಲಿ ಬಂತು. ಮಾಡಿದವರಲ್ಲಿ ಒಬ್ಬರು ೧೯೯೩ರಲ್ಲಿ ಭೌತಶಾಸ್ತ್ರಕ್ಕೆ ನೊಬೆಲ್ ಪಡೆದ ಜೋ ಟೇಲರ್. ಗದ್ದಲದಲ್ಲಿ ಪೂರ್ತಿ ಮುಳುಗಿ, ಕಿವಿಗೆ ಏನೂ ಕೇಳದ ಸಿಗ್ನಲ್‌ನ್ನೂ ಸಾಫ್ಟ್‌ವೇರ್ ಹೆಕ್ಕಿ ತೆಗೆಯುತ್ತೆ. ಐದು ಹತ್ತು ವ್ಯಾಟ್, ಅಂದರೆ ಒಂದು ಎಲ್‌ಇಡಿ ಬಲ್ಬಿನಷ್ಟು ಶಕ್ತಿಯಲ್ಲಿ ಖಂಡಾಂತರ ಹೋಗಬಹುದು. ಇನ್ನು ಡಬ್ಬಿ ವಿಷಯಕ್ಕೆ ಬಂದರೆ ಹೈದರಾಬಾದಿನ ಅಶ್‌ಹರ್ ಫರ್ಹಾನ್ ಅವರ ಬಿಟ್‌ಎಕ್ಸ್. ಪೇಟೆಯಲ್ಲಿ ಸಿಗುವ ಸಾಮಾನಿನಲ್ಲೇ ಮಾಡಬೇಕು ಅಂತ ಹಟ ಹಿಡಿದು, ಕಾಯಿಲ್ ಸುತ್ತೋಕೆ ನಲ್ಲಿಯ ವಾಷರ್ ಬಳಸಿದ ಮಹಾನುಭಾವ ಅವರು. ಆ ವಿನ್ಯಾಸವನ್ನು ಪ್ರಪಂಚದ ಮೂಲೆ ಮೂಲೆಯ ಹ್ಯಾಮ್‌ಗಳು ಬೆಸುಗೆ ಹಾಕಿ ಕೂರಿಸಿಕೊಂಡರು. ೨೦೧೬ರಲ್ಲಿ ಬಂದ ಬಿಟ್‌ಎಕ್ಸ್೪೦ ನಮ್ಮ ೪೦ ಮೀಟರ್ ಬ್ಯಾಂಡಿನದ್ದೇ.

ಇದಕ್ಕಿಂತಲೂ ಕೆಳಗಿಳಿಯಬೇಕಾ? ಲೈಸೆನ್ಸೂ ಬೇಡ, ಬರೀ ಕೇಳೋದು ಸಾಕು ಅನ್ನುವವರಿಗೊಂದು ಆಟ ಹೇಳ್ತೀನಿ. ತಿರುನೆಲ್ವೇಲಿ ಹತ್ತಿರ ವಿಜಯನಾರಾಯಣಂನಲ್ಲಿ ನೌಕಾಪಡೆಯ ಐಎನ್‌ಎಸ್ ಕಟ್ಟಬೊಮ್ಮನ್ ಇದೆ. ಸಮುದ್ರದೊಳಗಿನ ಸಬ್‌ಮೆರೀನ್‌ಗಳಿಗೆ ಸಂದೇಶ ಕಳಿಸುವ ಕೇಂದ್ರ. ೧೯೯೦ರಲ್ಲಿ ಶುರುವಾದದ್ದು, ಅಲ್ಲಿನ ಮಾಸ್ಟ್‌ಗಳ ಎತ್ತರ ೪೭೧ ಮೀಟರ್. ನಮ್ಮ ತೆಂಗಿನ ಮರ ಎಲ್ಲಿ, ಅದೆಲ್ಲಿ! ವಿಜ್ಞಾನಿಗಳು ಅಧ್ಯಯನಕ್ಕೆ ಬಳಸುವ ಅದರ ಸಿಗ್ನಲ್ ೧೮.೨ ಕಿಲೋಹರ್ಟ್ಸ್. ಒಂದು ತರಂಗದ ಉದ್ದವೇ ಹದಿನಾರೂವರೆ ಕಿಲೋಮೀಟರ್, ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವಷ್ಟು! ಇದಕ್ಕೆ ರೇಡಿಯೋ ಕೂಡ ಬೇಡ. ಮರದ ಚೌಕಟ್ಟಿಗೆ ನೂರು ಸುತ್ತು ತಂತಿ ಸುತ್ತಿ, ಒಂದು ಚಿಕ್ಕ ಆಂಪ್ಲಿಫೈಯರ್ ಮೂಲಕ ಲ್ಯಾಪ್‌ಟಾಪಿನ ಮೈಕ್ ತೂತಿಗೆ ಚುಚ್ಚಿ. ಸೌಂಡ್‌ಕಾರ್ಡ್ ಸೆಕೆಂಡಿಗೆ ೪೮ ಸಾವಿರ ಸಲ ಅಳೆಯುವುದರಿಂದ ೨೪ ಕಿಲೋಹರ್ಟ್ಸ್‌ವರೆಗೂ ನೋಡಬಹುದು. ಒಳಗಿನ ಗುಟ್ಟು ನಮಗೆ ಬೇಡ, ಸಿಗ್ನಲ್‌ನ ಜೋರು ಮಾತ್ರ ಗ್ರಾಫ್ ಮಾಡುತ್ತಾ ಹೋಗಿ. ಸೂರ್ಯ ಹುಟ್ಟುವಾಗ, ಮುಳುಗುವಾಗ ಗೆರೆ ಏರಿಳಿಯುತ್ತೆ. ಸೂರ್ಯನಲ್ಲಿ ಜ್ವಾಲೆ ಎದ್ದರೆ ಹಗಲಿನಲ್ಲೇ ಗೆರೆ ಥಟ್ಟನೆ ಜಿಗಿಯುತ್ತೆ. ಯಳಂದೂರಿನ ಒಂದು ಹೈಸ್ಕೂಲ್ ಹುಡುಗಿ ಮನೆ ಜಗಲಿಯಲ್ಲಿ ಕೂತು ಸೂರ್ಯನ ಸಿಟ್ಟನ್ನು ಅಳೆಯಬಹುದು. ಇದನ್ನು ಕನ್ನಡದಲ್ಲಿ ಬರೆದು ಅವಳ ಕೈಗೆ ಕೊಡೋರು ಯಾರು?

ಅದೇ ನನ್ನ ಕೊನೆಯ, ಮತ್ತೆ ದೊಡ್ಡ ದೂರು. ಈ ವಿದ್ಯೆ ಕನ್ನಡದಲ್ಲಿ ಸಿಗೋದು ತೀರಾ ಕಡಿಮೆ. ರಿಸ್ಟ್ರಿಕ್ಟೆಡ್ ದರ್ಜೆಯ ಪರೀಕ್ಷೆಗೆ ವಯಸ್ಸು ಹನ್ನೆರಡು ತುಂಬಿದ್ದರೆ ಸಾಕು, ಮೋರ್ಸ್ ಬೇಕಿಲ್ಲ. ರೇಡಿಯೋ ಸಿದ್ಧಾಂತ ಒಂದು ಭಾಗ, ನಿಯಮಗಳು ಇನ್ನೊಂದು ಭಾಗ. ಜನರಲ್ ದರ್ಜೆಗೆ ನಿಮಿಷಕ್ಕೆ ಎಂಟು ಪದ ಮೋರ್ಸ್ ಬೇಕು. ೨೦೧೩ರ ಜುಲೈನಲ್ಲಿ ಟೆಲಿಗ್ರಾಂ ನಿಂತ ಮೇಲೆ ಆ 'ಕಟ್ ಕಡ' ವಿದ್ಯೆಯನ್ನು ಉಸಿರಾಡಿಸುತ್ತಿರುವವರಲ್ಲಿ ಹ್ಯಾಮ್‌ಗಳೂ ಸೇರಿದ್ದಾರೆ. ಸಿಲಬಸ್ ಪಿಯುಸಿ ವಿಜ್ಞಾನಕ್ಕಿಂತ ಭಾರ ಏನಲ್ಲ. ಹನೂರಿನ ಐಟಿಐ ಹುಡುಗನಿಗೆ ರೆಸಿಸ್ಟರ್, ಕೆಪಾಸಿಟರ್ ನಮಗಿಂತ ಚೆನ್ನಾಗಿ ಗೊತ್ತು, ಕೈಗೆ ಬೆಸುಗೆಯೂ ಬರುತ್ತೆ. ಅಡ್ಡ ಬರೋದು ದಪ್ಪ ಇಂಗ್ಲಿಷ್ ಪುಸ್ತಕ. ವೈಂಡಿಂಗ್ ಅಂಗಡಿಯ ಅಣ್ಣನಿಗೆ ಇಂಡಕ್ಟೆನ್ಸ್ ಅಂದರೆ ಗೊತ್ತಿಲ್ಲದಿರಬಹುದು, ಆದರೆ ಸುತ್ತು ಕಡಿಮೆಯಾದರೆ ಏನಾಗುತ್ತೆ ಅಂತ ಕೈಗೆ ಗೊತ್ತು. ಆ ಕೈಗೂ ಈ ಪುಸ್ತಕಕ್ಕೂ ಮಧ್ಯೆ ಒಂದು ಕನ್ನಡದ ಕೇಬಲ್ ಎಳೆಯಬೇಕು ಅಷ್ಟೇ.

ಇನ್ನೊಂದು ಅಡ್ಡಿಯೂ ಇದೆ, ಅದನ್ನು ಮುಚ್ಚಿಡಬಾರದು. ನಮ್ಮ ಕಡೆಯ ಹಿರಿಯರಿಗೆ 'ವೈರ್‌ಲೆಸ್' ಅಂದರೆ ಪೊಲೀಸು, ಎಸ್‌ಟಿಎಫ್, ವೀರಪ್ಪನ್ ಕಾಲ. ೨೦೦೪ಕ್ಕೆ ಆ ಅಧ್ಯಾಯ ಮುಗಿದರೂ ಭಯ ಪೂರ್ತಿ ಹೋಗಿಲ್ಲ. ಗಡಿ ತಾಲ್ಲೂಕು, ಪಕ್ಕದಲ್ಲೇ ಕಾಡು, ಅದರಲ್ಲೊಬ್ಬ ಹುಡುಗ ಮರಕ್ಕೆ ತಂತಿ ಕಟ್ಟಿ ಕೋಡ್ ಭಾಷೆ ಮಾತಾಡ್ತಾನೆ ಅಂದರೆ ಅನುಮಾನ ಸಹಜ. ಇದಕ್ಕೆ ಮದ್ದು ಪಾರದರ್ಶಕತೆ. ಲೈಸೆನ್ಸ್ ಇಲ್ಲದೆ ಪಿಟಿಟಿ ಒತ್ತಲೇಬೇಡಿ. ಲೈಸೆನ್ಸ್ ಬಂದ ಮೇಲೆ ಅದರ ಒಂದು ಪ್ರತಿ ಹತ್ತಿರದ ಠಾಣೆಗೆ ನೀವೇ ಹೋಗಿ ಕೊಡಿ. ಅಕ್ಕಪಕ್ಕದವರನ್ನು ಕರೆದು ಕೇಳಿಸಿ. ಅನುಮತಿ ಇಲ್ಲದೆ ಸೆಟ್ ಹಿಡಿದು ಕಾಡಿನೊಳಗೆ ಹೋಗಬೇಡಿ. ಅದು ಹುಲಿ ಸಂರಕ್ಷಿತ ಪ್ರದೇಶ, ನಮ್ಮ ಫೀಲ್ಡ್ ಡೇ ಮೈದಾನ ಅಲ್ಲ. ನೆನಪಿರಲಿ, ಒಂದು ಕಾಲದಲ್ಲಿ ಮನೆಯಲ್ಲಿ ಬರೀ ರೇಡಿಯೋ ಕೇಳೋಕೂ ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಕಟ್ಟಬೇಕಿತ್ತು. ಜನ ರೂಢಿ ಮಾಡಿಕೊಂಡರು. ಇದನ್ನೂ ಮಾಡಿಕೊಳ್ತಾರೆ.

ಹಾಗಾದರೆ ಏನು ಮಾಡಬೇಕು ಅಂತೀಯ ಅಂದಿರಾ? ನನ್ನ ಪಟ್ಟಿ ಚಿಕ್ಕದು. ಕೊಳ್ಳೇಗಾಲ, ಹನೂರು, ಯಳಂದೂರು, ಮೂರೂ ಕಡೆ ಒಂದೊಂದು ಕಾಲೇಜೋ ಐಟಿಐಯೋ ಒಂದೊಂದು ತಂತಿ ಕಟ್ಟಲಿ. ಮೊದಲ ವರ್ಷ ಬರೀ ಕೇಳಲಿ, ದಿನವೂ ಏನು ಕೇಳಿತು ಅಂತ ಬರೆದಿಡಲಿ. ಎರಡನೇ ವರ್ಷ ಹತ್ತು ಜನ ಪರೀಕ್ಷೆ ಬರೆಯಲಿ. ಆಮೇಲೆ ದಿನಾ ಬೆಳಿಗ್ಗೆ ಅರ್ಧ ಗಂಟೆ ೪೦ ಮೀಟರ್‌ನಲ್ಲಿ ಕನ್ನಡದಲ್ಲಿ ಹರಟೆ: ಮಳೆ ಎಷ್ಟಾಯ್ತು,ನದಿ ಎಲ್ಲಿಗೆ ಬಂದಿದೆ, ನಿನ್ನೆ ರಾತ್ರಿ ೮೦ ಮೀಟರ್ ಹೇಗಿತ್ತು. ಯಾವ ಯೋಜನೆಯ ಹೆಸರೂ ಬೇಡ. ಮುಂದೆ ಕಾವೇರಿ ಉಕ್ಕಿದ ದಿನ ಆ ಹತ್ತು ಜನಕ್ಕೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ನನ್ನ ಪಾಲಿನ ಕೆಲಸ ಶುರುವಾಗಿದೆ. ರಿಸ್ಟ್ರಿಕ್ಟೆಡ್ ದರ್ಜೆಯ ಸಿದ್ಧಾಂತದ ಭಾಗವನ್ನು ನಮ್ಮೂರ ಮಾತಿನಲ್ಲಿ, ಪಾಠ ಪಾಠವಾಗಿ ಇಲ್ಲೇ ಹಾಕುತ್ತಾ ಹೋಗ್ತೀನಿ. ಮೊದಲ ಪಾಠ ಓಮ್‌ನ ನಿಯಮ, ಉದಾಹರಣೆ ಹನಿ ನೀರಾವರಿಯ ಪೈಪು. 'ಇಂಪಿಡೆನ್ಸ್'ಗೆ ಕನ್ನಡದಲ್ಲಿ ಏನನ್ನಬೇಕು ಅಂತ ಎರಡು ವಾರದಿಂದ ತಲೆ ಕೆರೆದುಕೊಳ್ತಿದ್ದೀನಿ. 'ಪ್ರತಿಬಾಧೆ' ಅಂದರೆ ಹುಡುಗರು ಓಡಿಹೋಗ್ತಾರೆ. 'ತಡೆ' ಅಂದರೆ ರೆಸಿಸ್ಟೆನ್ಸ್‌ಗೂ ಅದೇ ಆಯ್ತು. ನಿಮ್ಮಲ್ಲಿ ಪದ ಕಟ್ಟುವ ಹುಚ್ಚಿರುವವರು ಬೇಕಾದಷ್ಟು ಜನ ಇದ್ದೀರಿ. ಒಂದು ಒಳ್ಳೇ ಪದ ಹೊಳೆದರೆ ಕೆಳಗೆ ಬರೆದು ಹೋಗಿ.